ಮೊದಲು ಆಫ್ ಮಾಡಿ ನೋಡಿ: ಇಟಲಿಯ ಹಳೇ ಅಲಂಕಾರದ ದೀಪಗಳನ್ನು ಗುರುತಿಸುವ, ಕೊಳ್ಳುವ, ಮನೆಯಲ್ಲಿ ಬೆಳಗಿಸುವ ಬಗೆ

ಇಟಲಿಯ ಹಳೇ ದೀಪ ಮಾರುವವರ ಹತ್ತಿರ ಹೋದಾಗ ನಾನು ಮೊದಲು ಕೇಳುವುದು ಇಷ್ಟೇ: "ಇದನ್ನು ಸ್ವಲ್ಪ ಆಫ್ ಮಾಡ್ತೀರಾ?" ದೀಪ ಆರಿಸು ಅನ್ನಬಾರದು, ದೊಡ್ಡದು ಮಾಡು ಅನ್ನಬೇಕು ಎಂದು ನಮ್ಮಜ್ಜಿ ಹೇಳುತ್ತಿದ್ದರು. ಆ ಮಾತು ನೆನಪಿದ್ದರೂ ಕೇಳುತ್ತೇನೆ. ಉರಿಯುವ ದೀಪ ಕಣ್ಣನ್ನು ಬೆಳಕಿನ ಕಡೆಗೇ ಎಳೆಯುತ್ತದೆ. ಗಾಜಿನ ಅಂಚು, ಹಿತ್ತಾಳೆಯ ಹಿಂಬದಿ, ಹೋಲ್ಡರಿನ ಒಳಗಿನ ವೈರ್ ಯಾವುದೂ ಆಗ ಕಾಣುವುದಿಲ್ಲ. ನಿಮಗೆ ಬೇಕಾದ ಸತ್ಯ ಇರುವುದು ಅಲ್ಲೇ.

ಇದನ್ನು ನಾನು ಕಲಿತದ್ದು ದುಡ್ಡು ಕಳೆದುಕೊಂಡು. ಮೊದಲ ಸಲ ಕೊಂಡದ್ದು ಒಂದು ಜೊತೆ ಗೋಡೆ ದೀಪ. ಹಾಲುಬಿಳಿ ಗಾಜು, ಹಿತ್ತಾಳೆಯ ತೋಳು. ಉರಿಯುತ್ತಿದ್ದುದನ್ನು ನೋಡಿ ಮನಸೋತು ಅಲ್ಲೇ ಹಣ ಕೊಟ್ಟೆ. ಮನೆಗೆ ಬಂದು ಬಿಚ್ಚಿದರೆ ಒಂದರ ಗಾಜು ನಿಜವಾಗಿ ಎರಡು ಪದರದ್ದು, ಇನ್ನೊಂದು ಒಳಗಡೆ ಬಿಳಿ ಬಣ್ಣ ಹೊಡೆದ ಮಾಮೂಲಿ ಗಾಜು. ವೈರಿನ ರಬ್ಬರ್ ಬೆರಳು ತಾಗಿದ ಕೂಡಲೇ ಪುಡಿಪುಡಿಯಾಯಿತು. ಅಂಗಡಿಯಲ್ಲೇ ಐದು ನಿಮಿಷ ಆಫ್ ಮಾಡಿಸಿ ನೋಡಿದ್ದರೆ ಎರಡೂ ಗೊತ್ತಾಗುತ್ತಿತ್ತು.

ಕೆಳಗೆ ಬರೆದಿರುವುದು 1940ರಿಂದ 1960ರ ದಶಕದ ಕೊನೆಯವರೆಗಿನ ದೀಪಗಳ ಬಗ್ಗೆ. ಇಟಲಿಗೆ ಹೋಗಿ ಬರುವವರಿಗೆ, ಅಲ್ಲೇ ಇರುವ ಕನ್ನಡಿಗರಿಗೆ, ಹರಾಜಿನಲ್ಲಿ ಕೊಂಡು ಬೆಂಗಳೂರಿಗೆ ತರಿಸಿಕೊಳ್ಳುವವರಿಗೆ ಉಪಯೋಗವಾಗಲಿ ಎಂದು ಬರೆದಿದ್ದೇನೆ.

ಮೊದಲು: ಮುರಾನೊ ಬೇಕಾ, ಮಿಲಾನ್ ಬೇಕಾ?

ಆ ಕಾಲದ ಇಟಲಿಯ ದೀಪಗಳನ್ನು ಎರಡು ಊರಿನ ಹೆಸರಲ್ಲಿ ನೆನಪಿಟ್ಟುಕೊಂಡರೆ ಸುಲಭ. ಒಂದು ಮುರಾನೊ. ವೆನಿಸ್ ಪಕ್ಕದ ದ್ವೀಪ. ಬೆಂಕಿಯ ಭಯಕ್ಕೆ 1291ರಲ್ಲಿ ಗಾಜಿನ ಕುಲುಮೆಗಳನ್ನೆಲ್ಲ ಅಲ್ಲಿಗೆ ಕಳಿಸಿದರು. ಇಲ್ಲಿ ದೀಪ ಅಂದರೆ ಗಾಜೇ. 1921ರಲ್ಲಿ ಶುರುವಾದ ವೆನೀನಿ, ತಲೆಮಾರುಗಳಿಂದ ಬಂದ ಬರೊವಿಯೆರ್ ಮನೆತನ, ವಿಸ್ತೋಸಿ, ಮತ್ಸೇಗಾ ಇಲ್ಲಿಯ ದೊಡ್ಡ ಹೆಸರುಗಳು.

ಇನ್ನೊಂದು ಮಿಲಾನ್ ಮತ್ತು ಅದರ ಸುತ್ತಮುತ್ತ. ಇಲ್ಲಿ ಲೋಹ, ಲೆಕ್ಕ, ನಕ್ಷೆ ಮುಖ್ಯ. ಜೀನೊ ಸಾರ್ಫತ್ತಿ 1939ರಲ್ಲಿ ಆರ್ತೆಲೂಚೆ ಎಂಬ ದೀಪದ ಕಂಪನಿ ಶುರು ಮಾಡಿದರು. ಬ್ರೂನೊ ಗತ್ತಾ ಅವರ ಸ್ಟಿಲ್ನೊವೊ 1946ರದ್ದು. ಮೊಂಜಾ ಊರಲ್ಲಿ ಆಂಜೆಲೊ ಲೆಲಿ ಅವರ ಆರೆದೊಲೂಚೆ. ಫೊಂಟಾನಾ ಆರ್ತೆ ಎರಡರ ನಡುವೆ ನಿಲ್ಲುತ್ತದೆ: ಊರು ಮಿಲಾನ್, ಕಸುಬು ಗಾಜು. ಜೊ ಪೊಂತಿ, ಪಿಯೆತ್ರೊ ಕಿಯೇಸಾ ಅದನ್ನು ಕಟ್ಟಿದವರು. 1954ರಿಂದ ಫ್ರಾನ್ಸಿನ ಗಾಜಿನ ಕಲಾವಿದ ಮ್ಯಾಕ್ಸ್ ಆಂಗ್ರಾಂ ಅಲ್ಲಿ ಕಲಾ ನಿರ್ದೇಶಕರಾದರು. ಬಿಳಿ ಗಾಜಿನ ಬುಡ, ಬಿಳಿ ಗಾಜಿನದೇ ಟೋಪಿ ಇರುವ ಅವರ ಟೇಬಲ್ ದೀಪ, ಮಾಡೆಲ್ ನಂಬರ್ 1853, ಅದೂ 1954ರದ್ದೇ.

ಎರಡೂ ಬೇಕು ಅನ್ನಿಸುವುದು ಸಹಜ. ಆದರೆ ಶುರುವಿನಲ್ಲಿ ಒಂದನ್ನೇ ಹಿಡಿಯಿರಿ. ಗಾಜು ನೋಡುವ ಕಣ್ಣು ಬೇರೆ, ಲೋಹ ನೋಡುವ ಕಣ್ಣು ಬೇರೆ. ಕೊಳ್ಳುವ ಮೊದಲು ಒಳ್ಳೆಯದನ್ನು ಹತ್ತಿರದಿಂದ ನೋಡಿರಬೇಕು. ಮುರಾನೊದ ಗಾಜಿನ ಮ್ಯೂಸಿಯಂ, ವೆನಿಸ್‌ನ ಸಾನ್ ಜೋರ್ಜೊ ದ್ವೀಪದ ಸ್ತಾನ್ಸೆ ದೆಲ್ ವೆತ್ರೊ, ಮಿಲಾನಿನ ಎಡಿಐ ಡಿಸೈನ್ ಮ್ಯೂಸಿಯಂ, ಇವುಗಳಲ್ಲಿ ಅರ್ಧ ದಿನ ಕಳೆದರೂ ಸಾಕು, ಸಂತೆಯಲ್ಲಿ ಕಣ್ಣು ಬೇರೆ ರೀತಿ ಕೆಲಸ ಮಾಡುತ್ತದೆ. ಹಳೇ ಸಾಮಾನಿನ ಸಂತೆ ಅಂದರೆ ಅರೆತ್ಸೊ ಊರಿನದ್ದು (ಪ್ರತಿ ತಿಂಗಳ ಮೊದಲ ಭಾನುವಾರ ಮತ್ತು ಅದರ ಹಿಂದಿನ ಶನಿವಾರ), ಮಿಲಾನಿನ ನವೀಲ್ಯೊ ಗ್ರಾಂದೆ ಕಾಲುವೆ ದಂಡೆಯದ್ದು (ತಿಂಗಳ ಕೊನೆಯ ಭಾನುವಾರ), ಪಾರ್ಮಾದಲ್ಲಿ ವರ್ಷಕ್ಕೆರಡು ಸಲ ನಡೆಯುವ ದೊಡ್ಡ ಮೇಳ.

ಜೇಬಿನಲ್ಲಿ ಒಂದು ಪುಟ್ಟ ಮ್ಯಾಗ್ನೆಟ್, ಟಾರ್ಚ್, ಟೇಪು, ಭೂತಗನ್ನಡಿ ಇರಲಿ. ಬೇರೇನೂ ಬೇಡ.

ಗಾಜನ್ನು ಓದುವುದು

ನನಗೆ ತುಂಬ ಇಷ್ಟದ ಕೆಲಸ ಇದು. ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ.

ಮುರಾನೊದ್ದು ಸೋಡಾ ಬೆರೆಸಿದ ಗಾಜು. ಸೀಸ ಹಾಕಿದ ಕ್ರಿಸ್ಟಲ್ ಅಲ್ಲ. ಸೋಡಾ ಇರುವುದರಿಂದ ಅದು ಬೇಗ ಗಟ್ಟಿಯಾಗುವುದಿಲ್ಲ. ಕುಶಲಿಗೆ ಎಳೆಯಲು, ತಿರುಚಲು, ಚಿಮಟದಲ್ಲಿ ಹಿಡಿದು ಎಬ್ಬಿಸಲು ಸಮಯ ಸಿಗುತ್ತದೆ. 1938ರಲ್ಲಿ ಎರ್ಕೊಲೆ ಬರೊವಿಯೆರ್ ತಂದ ರೊಸ್ತ್ರಾತೊ ಗಾಜು ನೋಡಿ. ಮೈತುಂಬ ಹಕ್ಕಿಯ ಕೊಕ್ಕಿನಂತೆ ಮೊನೆಗಳು. ಗಾಜು ಬಿಸಿಯಾಗಿದ್ದಾಗ ಒಂದೊಂದನ್ನೂ ಕೈಯಿಂದಲೇ ಎಳೆದದ್ದು. ಹಾಗಾಗಿ ಯಾವ ಎರಡು ಮೊನೆಯೂ ಒಂದೇ ಅಳತೆ ಇರುವುದಿಲ್ಲ. ಎಲ್ಲ ಒಂದೇ ತರ ಇದ್ದರೆ, ನಡುವೆ ಸಣ್ಣ ಗೆರೆಯಂಥ ಏಣು ಬೆರಳಿಗೆ ತಾಗಿದರೆ, ಅದು ಅಚ್ಚಿನಲ್ಲಿ ಒತ್ತಿದ್ದು.

ಅಂಚಿನಿಂದ ಶುರು ಮಾಡಿ. ದೀಪ ಆಫ್ ಇರಲಿ, ಬಲ್ಬ್ ಬಿಚ್ಚಿರಿ, ಗಾಜಿನ ಬಾಯಿಗೆ ಅಡ್ಡಲಾಗಿ ಟಾರ್ಚ್ ಹಿಡಿಯಿರಿ. ಹಾಲುಬಿಳಿ ಗಾಜಿಗೆ ಮುರಾನೊದಲ್ಲಿ ಲಾತ್ತಿಮೊ ಅನ್ನುತ್ತಾರೆ. ಒಳ್ಳೆಯ ದೀಪಗಳಲ್ಲಿ ಈ ಬಿಳಿ ಗಾಜಿನ ಮೇಲೆ ತೆಳುವಾದ ಪಾರದರ್ಶಕ ಗಾಜಿನ ಹೊದಿಕೆ ಇರುತ್ತದೆ. ಅಂಚಿನಲ್ಲಿ ಎರಡು ಪದರ ಸ್ಪಷ್ಟವಾಗಿ ಕಾಣಬೇಕು, ಬಾಳೆದಿಂಡು ಕೊಯ್ದಾಗ ಪದರ ಕಾಣುವ ಹಾಗೆ. ಒಂದೇ ಪದರ ಇದ್ದು ಒಳಗೆ ಉಗುರಿಗೆ ಬಣ್ಣದ ಒರಟು ತಾಗಿದರೆ ಅದು ಬಣ್ಣ ಹೊಡೆದದ್ದು. ನನ್ನ ಆ ಮೊದಲ ಜೊತೆಯಲ್ಲಿ ಮೋಸ ಹೋದದ್ದು ಇಲ್ಲೇ.

ಬಣ್ಣದೊಳಗೆ ಬಣ್ಣ ಮುಳುಗಿದಂತೆ ಕಾಣುವ ದಪ್ಪ ಗಾಜು ಸೊಮ್ಮೆರ್ಸೊ. ಒಂದು ಬಣ್ಣದ ಉಂಡೆಯನ್ನು ಇನ್ನೊಂದು ಬಣ್ಣದ ಕರಗಿದ ಗಾಜಿನಲ್ಲಿ ಅದ್ದಿ ಮಾಡುತ್ತಾರೆ. ಬಣ್ಣಗಳ ಗಡಿ ಗಾಜಿನ ಒಳಗಡೆ ಇರಬೇಕು. ಓರೆಯಾಗಿ ನೋಡಿದಾಗ ಒಳಗಿನ ಬಣ್ಣ ಜಾಗ ಬದಲಿಸಿದಂತೆ ಕಾಣುತ್ತದೆ. ಗುಳ್ಳೆ ಗಾಜು ಪುಲೆಗೋಸೊ. ವೆನೀನಿಯಲ್ಲಿ ನಾಪೊಲಿಯೋನೆ ಮಾರ್ತಿನುತ್ಸಿ 1928ರಲ್ಲಿ ಇದನ್ನು ತಂದರು. ಗುಳ್ಳೆ ಕಂಡು ಕೆಟ್ಟ ಗಾಜು ಎಂದುಕೊಳ್ಳಬೇಡಿ, ಅದೇ ಅದರ ಸೊಗಸು.

ಚಿನ್ನದ ಕಣ ಇರುವ ಗಾಜಿಗೆ ಬೆಲೆ ಜಾಸ್ತಿ. ಹಾಗಾಗಿ ಇಲ್ಲಿ ನಿಧಾನಿಸಿ. ನಿಜವಾದ ಕೆಲಸದಲ್ಲಿ ಬಿಸಿ ಗಾಜಿನ ಉಂಡೆಯನ್ನು ಚಿನ್ನದ ರೇಕಿನ ಮೇಲೆ ಹೊರಳಿಸಿ ಮೇಲೆ ಮತ್ತೆ ಗಾಜು ಹೊದಿಸುತ್ತಾರೆ. ಊದಿದಾಗ ಗಾಜು ಹಿಗ್ಗುತ್ತದೆ, ಚಿನ್ನ ಹಿಗ್ಗಲಾರದೆ ಒಡೆದು ಚೂರಾಗುತ್ತದೆ. ಆದ್ದರಿಂದ ಗಾಜು ಜಾಸ್ತಿ ಉಬ್ಬಿದ ಕಡೆ ಕಣಗಳು ದೂರ ದೂರ, ಕುತ್ತಿಗೆಯ ಹತ್ತಿರ ಒತ್ತೊತ್ತಾಗಿ ಇರುತ್ತವೆ. ಭೂತಗನ್ನಡಿಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಎಲ್ಲ ಕಡೆ ಒಂದೇ ಸಮ ಹರಡಿದ್ದು ಮೇಲ್ಮೈ ಮೇಲೇ ಇದ್ದರೆ ಅದು ಬಣ್ಣ. ಮಿಣುಕುವ ಅವೆಂತೂರೀನಾ ಗಾಜಿನಲ್ಲಿ ಇರುವುದು ಚಿನ್ನವಲ್ಲ, ತಾಮ್ರದ ಹರಳುಗಳು. ಮಾರುವವರು ಚಿನ್ನ ಅಂದರೆ ಈ ಮಾತು ನೆನಪಿರಲಿ.

ಗಾಜಿನ ಕೋಲುಗಳನ್ನು ತೂಗುಹಾಕಿದ ಗೊಂಚಲು ದೀಪಗಳಿವೆ. ಮೂರು ಮುಖದ ಕೋಲಿಗೆ ತ್ರಿಯೆದ್ರಿ, ನಾಲ್ಕು ಮುಖದ್ದಕ್ಕೆ ಕ್ವಾದ್ರಿಯೆದ್ರಿ. ವೆನೀನಿ ಇವನ್ನು ಬಹಳ ಮಾಡಿತು, ನಕಲೂ ಅಷ್ಟೇ ಬಂತು. ಇಲ್ಲಿ ಮಾಡಬೇಕಾದ ಕೆಲಸ ಸರಳ: ಚೌಕಟ್ಟಿನಲ್ಲಿ ಎಷ್ಟು ಕೊಕ್ಕೆ ಇವೆ ಎಣಿಸಿ, ಎಷ್ಟು ಕೋಲು ಇವೆ ಎಣಿಸಿ. ನೂರಕ್ಕೆ ಆರು ಕಡಿಮೆ ಇದ್ದರೆ ಉರಿಯುವಾಗ ಯಾರಿಗೂ ಗೊತ್ತಾಗುವುದಿಲ್ಲ. ಆಮೇಲೆ ಆ ಆರು ಕೋಲು ಹುಡುಕಲು ವರ್ಷಗಳೇ ಬೇಕಾಗಬಹುದು. ಪ್ರತಿ ಕೋಲಿನ ತುದಿಯಲ್ಲಿ ಕೊಕ್ಕೆ ಸಿಕ್ಕಿಸುವ ತೂತಿನ ಸುತ್ತ ಬಿರುಕು ಇದೆಯೇ ನೋಡಿ. ಬಿರುಕು ಬಿಟ್ಟದ್ದನ್ನು ತೂಗುಹಾಕಬೇಡಿ. ಕೆಳಗೆ ಊಟದ ಮೇಜಿರುತ್ತದೆ, ಮಕ್ಕಳಿರುತ್ತಾರೆ.

ಲೋಹ ಮತ್ತು ಕಲ್ಲು

ಮ್ಯಾಗ್ನೆಟ್ ತೆಗೆಯಿರಿ. ಹಿತ್ತಾಳೆಗೆ ಅದು ಅಂಟುವುದಿಲ್ಲ. ಅಂಟಿದರೆ ಕಬ್ಬಿಣದ ಮೇಲೆ ಹಿತ್ತಾಳೆ ಲೇಪ. ಅಂಟದಿದ್ದ ಮಾತ್ರಕ್ಕೆ ಹಿತ್ತಾಳೆ ಅನ್ನಲೂ ಆಗದು, ಅಲ್ಯೂಮಿನಿಯಂ ಇರಬಹುದು. ಆಗ ಕೈಯಲ್ಲಿ ತೂಗಿ ನೋಡಿ, ಭಾರದಲ್ಲೇ ಗೊತ್ತಾಗುತ್ತದೆ. ಆದರೆ ಅಲ್ಯೂಮಿನಿಯಂ ಇದ್ದರೆ ನಕಲಿ ಎಂದಲ್ಲ. ಸ್ಟಿಲ್ನೊವೊ, ಆರ್ತೆಲೂಚೆ, ಆರೆದೊಲೂಚೆ ಮೂವರೂ ಹಿತ್ತಾಳೆಯ ಜೊತೆ ಬಣ್ಣ ಹಚ್ಚಿದ ಅಲ್ಯೂಮಿನಿಯಂ ಬಳಸಿದ್ದಾರೆ.

ಹಿತ್ತಾಳೆಯ ಬಗ್ಗೆ ಒಂದು ಬೇಡಿಕೆ ಇದೆ. ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ನಮ್ಮ ಮನೆಗಳಲ್ಲಿ ಹಬ್ಬದ ಹಿಂದಿನ ದಿನ ದೀಪದ ಕಂಬಗಳನ್ನು ಹುಣಸೆ, ಸೀಗೆಪುಡಿ ಹಾಕಿ ತಿಕ್ಕಿ ಫಳಫಳ ಮಾಡುವುದು ವಾಡಿಕೆ. ಅವಕ್ಕೆ ಅದು ಸರಿ. ಈ ದೀಪಗಳ ಮೇಲೆ ಬಹಳಷ್ಟು ಸಲ ಕಾರ್ಖಾನೆಯ ತೆಳು ವಾರ್ನಿಷ್ ಇರುತ್ತದೆ. ಇಲ್ಲದಿದ್ದರೂ ಅರವತ್ತು ವರ್ಷದಲ್ಲಿ ಬಂದ ಕಂದು ಛಾಯೆ ಇರುತ್ತದೆ. ಸಂಗ್ರಹಕಾರರು ಹಣ ಕೊಡುವುದು ಆ ಛಾಯೆಗೂ ಸೇರಿಸಿ. ಒಂದು ಸಲ ಹೋದರೆ ಮತ್ತೆ ಬರಲು ಮತ್ತೆ ಅಷ್ಟೇ ವರ್ಷ ಬೇಕು. ಒಣ ಮೆತ್ತನೆ ಬಟ್ಟೆ ಸಾಕು. ಮಂಗಳೂರು, ಕಾರವಾರದಂಥ ಕಡಲ ಗಾಳಿಯ ಊರಲ್ಲಿದ್ದರೆ ತಿಂಗಳಿಗೊಮ್ಮೆ ಒರೆಸಿ, ಹಸಿರು ಕಿಲುಬು ಕಾಣಿಸಿದ ಕೂಡಲೇ ತೆಗೆಯಿರಿ.

ಕಲ್ಲಿನ ಮಾತು ಬಂದರೆ ಆರ್ಕೊ ದೀಪ ಬಿಡಲಾಗದು. 1962ರಲ್ಲಿ ಅಕಿಲ್ಲೆ ಮತ್ತು ಪಿಯೆರ್ ಜಾಕೊಮೊ ಕಾಸ್ತಿಲ್ಯೋನಿ ಅಣ್ಣತಮ್ಮಂದಿರು ಫ್ಲೋಸ್ ಕಂಪನಿಗೆ ಮಾಡಿದ್ದು. ಬುಡದಲ್ಲಿ ಸುಮಾರು 65 ಕಿಲೋ ತೂಕದ ಕರಾರಾ ಅಮೃತಶಿಲೆ. ಅದರಲ್ಲೊಂದು ತೂತು. ಪೊರಕೆ ಹಿಡಿ ತೂರಿಸಿ ಇಬ್ಬರು ಎತ್ತಲಿ ಎಂದು. ಮೂಲೆಗಳನ್ನು ಸವರಿದ್ದು ಓಡಾಡುವವರಿಗೆ ತಾಗದಿರಲಿ ಎಂದು. ಅಂದಕ್ಕಾಗಿ ಮಾತ್ರ ಮಾಡಿದ್ದು ಇದರಲ್ಲಿ ಯಾವುದೂ ಇಲ್ಲ. ನನಗೆ ಆ ಕಾಲದ ಇಟಲಿಯ ಕೆಲಸ ಇಷ್ಟವಾಗುವುದೇ ಈ ಕಾರಣಕ್ಕೆ. ಆರ್ಕೊ ಇಂದಿಗೂ ತಯಾರಾಗುತ್ತದೆ. ನಕಲುಗಳಂತೂ ಲೆಕ್ಕವಿಲ್ಲ; ಅಂಥ ಒಂದು ನಕಲಿನ ಜಗಳ 2011ರಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯದ ತೀರ್ಪಿನವರೆಗೂ ಹೋಯಿತು. ಕಲ್ಲು ನಿಜವೇ ಎಂದು ನೋಡಲು ಬಗ್ಗಿ ಬದಿ ನೋಡಿ. ಮೇಲಿನ ನರ, ಅಂದರೆ ಕಲ್ಲಿನ ಬಣ್ಣದ ಗೆರೆ, ಅಂಚು ದಾಟಿ ಬದಿಗೆ ಇಳಿದಿರಬೇಕು. ಮೇಲೆ ಮಾತ್ರ ಇದ್ದು ಬದಿಯಲ್ಲಿ ನಿಂತುಹೋಗಿದ್ದರೆ ಅದು ಅಮೃತಶಿಲೆ ಅಲ್ಲ. ಈ ಕಲ್ಲಿಗೂ ನಿಂಬೆ, ಹುಣಸೆ ಆಗಿಬರುವುದಿಲ್ಲ, ಹುಳಿ ತಾಗಿದ ಕಡೆ ಹೊಳಪು ಹೋಗಿ ಮಚ್ಚೆ ಬೀಳುತ್ತದೆ.

ಹೆಸರು, ಗುರುತು, ಕಾಗದ

ಈಗ ದೀಪವನ್ನು ತಲೆಕೆಳಗೆ ಮಾಡಿ. ಆರೆದೊಲೂಚೆ ದೀಪಗಳ ಲೋಹದ ಮೇಲೆ ಕಂಪನಿ ಹೆಸರು, ಮೊಂಜಾ ಊರಿನ ಹೆಸರು ಒತ್ತಿರುವುದುಂಟು. ವೆನೀನಿ ಗಾಜಿನ ಮೇಲೆ ಆಸಿಡ್‌ನಿಂದ ಕೊರೆದ ಪುಟ್ಟ ಮುದ್ರೆ ಇರಬಹುದು, ಬೆಳಕಿಗೆ ಓರೆ ಹಿಡಿದರೆ ಮಾತ್ರ ಕಾಣುತ್ತದೆ. ಆದರೆ ಮುರಾನೊದ ಎಷ್ಟೋ ದೀಪಗಳಿಗೆ ಇದ್ದದ್ದು ಕಾಗದದ ಚೀಟಿ ಮಾತ್ರ, ತೊಳೆಯುವಾಗ ಉದುರಿಹೋಗಿದೆ. ಗುರುತು ಇಲ್ಲದ ಮಾತ್ರಕ್ಕೆ ನಕಲಿ ಎಂದಲ್ಲ. ಗುರುತು ಇದ್ದರೆ ಅಸಲಿ ಎಂದೂ ಅಲ್ಲ. ಮುರಾನೊ ಗಾಜಿನ ಅಧಿಕೃತ ಟ್ರೇಡ್‌ಮಾರ್ಕ್‌ಗೆ ದಾರಿ ಮಾಡಿಕೊಟ್ಟದ್ದು ವೆನೆತೊ ಪ್ರಾಂತ್ಯದ 1994ರ ಕಾನೂನು. ಆ ಚೀಟಿ ಅಂಟಿರುವ ದೀಪವನ್ನು 1955ರದ್ದು ಎಂದು ಹೇಳಿದರೆ ನಂಬಬೇಡಿ.

ಮೂಲ ಕಾಲದ್ದು, ಅದೇ ಕಂಪನಿ ಆಮೇಲೆ ಮಾಡಿದ್ದು, ಬೇರೆಯವರ ನಕಲು: ಇವು ಮೂರು ಬೇರೆ ಬೇರೆ ವಸ್ತು, ಮೂರಕ್ಕೂ ಬೆಲೆ ಬೇರೆ. ಸಾರ್ಫತ್ತಿ 1958ರಲ್ಲಿ ಮಾಡಿದ 2097 ನಂಬರಿನ ಗೊಂಚಲು ದೀಪವನ್ನೇ ತೆಗೆದುಕೊಳ್ಳಿ. ನಡುವೆ ಕಂಬ, ಸುತ್ತ ತೆಳು ತೋಳುಗಳು, ಜೋತುಬಿದ್ದ ವೈರುಗಳು. ಆರ್ತೆಲೂಚೆಯನ್ನು ಆಮೇಲೆ ಫ್ಲೋಸ್ ಕೊಂಡಿತು, ಈ ದೀಪ ಈಗಲೂ ಹೊಸದಾಗಿ ಸಿಗುತ್ತದೆ. ಹೊಸದು ಕೊಳ್ಳುವುದರಲ್ಲಿ ತಪ್ಪಿಲ್ಲ, ಬಳಸಲು ನನ್ನ ಮಟ್ಟಿಗೆ ಅದೇ ಒಳ್ಳೆಯದು. ಹಳೆಯದರ ಬೆಲೆ ಕೊಟ್ಟು ಹೊಸದು ತರಬೇಡಿ, ಅಷ್ಟೇ. ಯಾವ ವರ್ಷದ್ದು, ಏನು ಬದಲಾಗಿದೆ, ಯಾವ ಗಾಜು ಆಮೇಲೆ ಹಾಕಿದ್ದು, ಇಷ್ಟನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಬಾಯಿಮಾತಲ್ಲಿ ಹೇಳಿ ಬರೆದುಕೊಡಲು ಹಿಂಜರಿದರೆ ಬಿಟ್ಟು ಬನ್ನಿ.

ಇಟಲಿಯಿಂದ ಹೊರಗೆ ಒಯ್ಯುವಾಗ ಇನ್ನೊಂದು ವಿಷಯ. ಬದುಕಿಲ್ಲದ ಕಲಾವಿದರ, 70 ವರ್ಷ ದಾಟಿದ ಕಲಾವಸ್ತುಗಳಿಗೆ ಅಲ್ಲಿ ರಫ್ತು ನಿಯಮ ಇದೆ. ಐವತ್ತರ ದಶಕದ ಶುರುವಿನ ದೀಪಗಳು ಈಗ ಆ ಗಡಿ ದಾಟಿವೆ. ಕಾಗದಪತ್ರ ಯಾರು ಮಾಡಿಸುತ್ತಾರೆ ಎಂದು ಹಣ ಕೊಡುವ ಮೊದಲೇ ಕೇಳಿ. ಭಾರತದ ಕಸ್ಟಮ್ಸ್‌ನಲ್ಲಿ ಪುರಾತನ ವಸ್ತು ಎಂಬ ವರ್ಗ 100 ವರ್ಷ ದಾಟಿದ್ದಕ್ಕೆ ಮಾತ್ರ. ಇವು 9405 ಎಂಬ ಸುಂಕದ ಶೀರ್ಷಿಕೆಯ ಕೆಳಗೆ, ಮಾಮೂಲಿ ದೀಪಗಳ ಲೆಕ್ಕದಲ್ಲೇ ಬರುತ್ತವೆ. ಆ ಸುಂಕವನ್ನೂ ಬಜೆಟ್‌ಗೆ ಸೇರಿಸಿಕೊಳ್ಳಿ.

ಬಿಚ್ಚುವುದು, ವೈರ್ ಬದಲಿಸುವುದು

ಮನೆಗೆ ಬಂದ ದೀಪವನ್ನು ಪ್ಲಗ್‌ಗೆ ಹಾಕಬೇಡಿ. ಮಾರುವವರ ಹತ್ತಿರ ಉರಿದಿತ್ತಲ್ಲ ಅನ್ನಿಸಬಹುದು. ಹಳೇ ವೈರಿನ ಹೊರಗೆ ಹತ್ತಿ ಅಥವಾ ರೇಷ್ಮೆಯ ಹೆಣಿಗೆ, ಒಳಗೆ ರಬ್ಬರ್. ಹೆಣಿಗೆ ಚೆನ್ನಾಗಿಯೇ ಕಾಣುತ್ತದೆ, ಒಳಗೆ ರಬ್ಬರ್ ಒಣಗಿ ಉದುರಿರುತ್ತದೆ. ಸಾಗಿಸುವಾಗ ಸ್ವಲ್ಪ ಅಲುಗಿದರೂ ತಂತಿ ಬರಿದಾಗಿ ಹಿತ್ತಾಳೆಯ ಮೈಗೆ ತಾಗಬಹುದು.

ಬಿಚ್ಚುವ ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ಪ್ರತಿ ತೋಳಿಗೆ, ಅದರ ಗಾಜಿಗೆ ಒಂದೇ ನಂಬರಿನ ಚೀಟಿ ಕಟ್ಟಿ. ಕೈಯಿಂದ ಮಾಡಿದ ವಸ್ತು ಇದು, ಮೂರನೇ ತೋಳಿನ ಗಾಜು ಐದನೆಯದಕ್ಕೆ ಸರಿಯಾಗಿ ಕೂರದೇ ಇರಬಹುದು. ಆಮೇಲಿನ ಕೆಲಸವನ್ನು ತಾಳ್ಮೆ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ, ಆದರೆ ಪಕ್ಕದಲ್ಲೇ ಕೂತು ಈ ಕೆಳಗಿನದನ್ನು ಹೇಳಿ.

ತೆಳು ಹಿತ್ತಾಳೆ ಕೊಳವೆಯೊಳಗಿಂದ ಹಳೇ ವೈರನ್ನು ಸುಮ್ನೆ ಎಳೆದು ಬಿಸಾಡಬಾರದು. ಹೊಸ ವೈರಿನ ತುದಿಯನ್ನು ಹಳೆಯದಕ್ಕೆ ಬಿಗಿಯಾಗಿ ಕಟ್ಟಿ, ಹಳೆಯದನ್ನು ನಿಧಾನವಾಗಿ ಎಳೆದರೆ ಹೊಸದು ತಾನೇ ಒಳಗೆ ಬರುತ್ತದೆ. ಲಂಗದ ಲಾಡಿ ಪೋಣಿಸಿದ ಹಾಗೆ. ಶಾಖ ತಡೆಯುವ 0.75 ಚದರ ಮಿಲಿಮೀಟರಿನ ವೈರ್ ಸಾಕು. ಕೊಳವೆಯ ಬಾಯಿ ಹರಿತವಾಗಿರುತ್ತದೆ, ಅಲ್ಲಿ ಪ್ಲಾಸ್ಟಿಕ್ ಬುಷ್ ಹಾಕಿಸಿ.

ಹೋಲ್ಡರ್ ಬದಲಿಸಬೇಡಿ. ಇಟಲಿಯ ದೀಪಗಳಲ್ಲಿ ತಿರುಪಿನ ಹೋಲ್ಡರ್: ದೊಡ್ಡದು ಇ27, ಗೊಂಚಲು ದೀಪದ ಚಿಕ್ಕದು ಇ14. ನಮ್ಮ ಪಿನ್ ಹೋಲ್ಡರ್ ಹಾಕಿಬಿಡೋಣ ಸಾರ್ ಅನ್ನುತ್ತಾರೆ. ಒಪ್ಪಬೇಡಿ. ಎರಡೂ ಅಳತೆಯ ಎಲ್‌ಇಡಿ ಬಲ್ಬು ಈಗ ಎಲ್ಲ ಕಡೆ ಸಿಗುತ್ತದೆ.

ಇಲ್ಲಿ ಪ್ರಾಣದ ಪ್ರಶ್ನೆ ಒಂದಿದೆ. ತಿರುಪಿನ ಹೋಲ್ಡರಿನಲ್ಲಿ ಫೇಸ್ ವೈರ್ ನಡುವಿನ ಬಿಂದುವಿಗೇ ಹೋಗಬೇಕು, ನ್ಯೂಟ್ರಲ್ ಸುತ್ತಿನ ತಿರುಪಿಗೆ. ಇಟಲಿಯ ಪ್ಲಗ್ ಹೇಗೆ ತಿರುಗಿಸಿ ಹಾಕಿದರೂ ಕೂರುತ್ತದೆ, ಹಾಗಾಗಿ ಟೇಬಲ್ ದೀಪಗಳಲ್ಲಿ ಇದನ್ನು ಯಾರೂ ನೋಡಿರುವುದಿಲ್ಲ. ತಲೆಕೆಳಗಾಗಿದ್ದರೆ ಬಲ್ಬ್ ಬದಲಿಸುವಾಗ ಬೆರಳಿಗೆ ತಾಗುವ ತಿರುಪಿನಲ್ಲೇ ಕರೆಂಟ್ ಇರುತ್ತದೆ. ಇನ್ನು ಅರ್ತಿಂಗ್: ಹಳೇ ದೀಪಗಳಲ್ಲಿ ಬಹುಪಾಲು ಇರುವುದು ಎರಡೇ ವೈರ್. ಮೈಯೆಲ್ಲ ಲೋಹ ಇರುವ ದೀಪಕ್ಕೆ ಮೂರನೆಯದು ಬೇಕೇ ಬೇಕು. ಹೊಸ ತೂತು ಕೊರೆಯದೆ, ಈಗಾಗಲೇ ಇರುವ ಸ್ಕ್ರೂ ಕೆಳಗೆ ಅರ್ತ್ ವೈರ್ ಸಿಕ್ಕಿಸಬಹುದು. ಮೂರು ಪಿನ್ನಿನ ಪ್ಲಗ್ ಹಾಕಿಸಿ.

ಕೆಲಸ ಮುಗಿದ ಮೇಲೆ, ಕರೆಂಟ್ ಸೋರುತ್ತಿಲ್ಲ ಎಂದು ಅಳೆದು ನೋಡುವ 500 ವೋಲ್ಟಿನ ಮೆಗ್ಗರ್‌ನಲ್ಲಿ ಪರೀಕ್ಷೆ ಮಾಡಿಸಿ. ಲೋಹದ ಮೈಗೂ ವೈರಿಗೂ ನಡುವೆ ಕನಿಷ್ಠ 1 ಮೆಗಾ ಓಮ್ ತೋರಿಸಬೇಕು. ಆ ಸಾಲಿಗೆ, ಕರೆಂಟ್ ಸೋರಿದ ಕೂಡಲೇ ತಾನೇ ಆಫ್ ಆಗುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಇದ್ದರೆ ನೆಮ್ಮದಿ. ಇಟಲಿಯಲ್ಲೂ ನಮ್ಮಲ್ಲೂ 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ಬೇಕಾಗಿಲ್ಲ. ಅಮೆರಿಕದಿಂದ ತರಿಸಿದ್ದಾದರೆ ಅಲ್ಲಿಯದು 120 ವೋಲ್ಟ್, ಬಲ್ಬ್, ಡಿಮ್ಮರ್, ವೈರ್ ಎಲ್ಲವನ್ನೂ ಹೊಸದು ಮಾಡಿ.

ಬಲ್ಬು

2700 ಕೆಲ್ವಿನ್ (ಬೆಚ್ಚನೆ ಹಳದಿ ಬೆಳಕು), ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬ ಅಳತೆ) 90ಕ್ಕಿಂತ ಮೇಲೆ. ಅಂಗಡಿಯಲ್ಲಿ ಈ ಎರಡು ಸಂಖ್ಯೆ ಕೇಳಿ ತೆಗೆದುಕೊಳ್ಳಿ. ಬಿಳಿ ಟ್ಯೂಬ್‌ಲೈಟಿನಂಥ ಬೆಳಕಲ್ಲಿ ಚಿನ್ನದ ಕಣಗಳು ಬೂದಿಯಂತೆ ಕಾಣುತ್ತವೆ. ಹಳೇ 40 ವಾಟ್ ಬಲ್ಬಿನ ಜಾಗಕ್ಕೆ 4 ಅಥವಾ 5 ವಾಟಿನ ಎಲ್‌ಇಡಿ ಸಾಕು, ಹೋಲ್ಡರಿಗೂ ವಾರ್ನಿಷ್‌ಗೂ ಶಾಖದ ಪೆಟ್ಟು ಬೀಳುವುದಿಲ್ಲ. ಹಾಲುಬಿಳಿ ಗಾಜಿನೊಳಗೆ ಮಂಜುಗಾಜಿನ ಬಲ್ಬ್ ಹಾಕಿ. ಕೋಲುಗಳ ಗೊಂಚಲಿಗೆ ಒಳಗೆ ತಂತಿ ಕಾಣುವ ಪಾರದರ್ಶಕ ಬಲ್ಬೇ ಬೇಕು. ಬೆಳಕಿನ ಮೂಲ ಚಿಕ್ಕದಾದಷ್ಟೂ ಗಾಜಿನ ಮುಖಗಳು ಚೂಪಾಗಿ ಹೊಳೆಯುತ್ತವೆ.

ತೂಗುಹಾಕುವುದು, ತೊಳೆಯುವುದು

ತೂಗುವ ಮೊದಲು ತೂಕ ನೋಡಿ. ಗಾಜನ್ನೆಲ್ಲ ಸೇರಿಸಿ ತಕ್ಕಡಿಗೆ ಹಾಕಿ. ಫ್ಯಾನಿನ ಕೊಕ್ಕೆಗೆ ಹಾಕಿಬಿಡೋಣ ಎಂಬ ಯೋಚನೆ ಎಲ್ಲರಿಗೂ ಬರುತ್ತದೆ. ಹಗುರ ದೀಪಕ್ಕೆ ಸರಿ. ಭಾರದ ಗೊಂಚಲಿಗೆ ಸ್ಲ್ಯಾಬಿನಲ್ಲಿ ಬೇರೆ ಆಂಕರ್ ಹಾಕಿಸಿ, ದೀಪದ ತೂಕದ ಹಲವು ಪಟ್ಟು ಭಾರ ಹೊರುವಂಥದ್ದು. ಇಟಲಿಯ ಹಳೇ ಮನೆಗಳ ಸೂರು ಎತ್ತರ, ನಮ್ಮದು ಸಾಮಾನ್ಯವಾಗಿ 10 ಅಡಿ. ಓಡಾಡುವ ಜಾಗದಲ್ಲಿ ದೀಪದ ಕೆಳತುದಿ ನೆಲದಿಂದ 7 ಅಡಿಯಾದರೂ ಮೇಲಿರಬೇಕು. ಉದ್ದ ಜಾಸ್ತಿಯಾದರೆ ಮೂಲ ಕಂಬವನ್ನು ಕೊಯ್ಯಬೇಡಿ. ಗಿಡ್ಡ ಕಂಬ ಒಂದನ್ನು ಮಾಡಿಸಿ ಹಾಕಿ, ಮೂಲದ್ದನ್ನು ಎತ್ತಿಡಿ.

ಮೊದಲು ಬರೀ ಚೌಕಟ್ಟು ತೂಗುಹಾಕಿ, ಉರಿಸಿ ನೋಡಿ, ಆಮೇಲೆ ಗಾಜು. ಒಳಸುತ್ತು ಮೊದಲು, ಹೊರಸುತ್ತು ಕೊನೆಗೆ. ಇಲ್ಲದಿದ್ದರೆ ಒಳಗೆ ಕೈ ಹೋಗುವುದಿಲ್ಲ. ಹತ್ತಿಯ ಕೈಗವಸು ಬೇಡ, ಗಾಜು ಜಾರುತ್ತದೆ. ಆಸ್ಪತ್ರೆಯಲ್ಲಿ ಬಳಸುವಂಥ ನೈಟ್ರೈಲ್ ಕೈಗವಸು ಹಿಡಿತ ಕೊಡುತ್ತದೆ. ವರ್ಷಕ್ಕೊಂದು ಸಲ ಗಾಜು ಇಳಿಸಿ ಉಗುರುಬೆಚ್ಚಗಿನ ನೀರಲ್ಲಿ ಎರಡು ಹನಿ ಪಾತ್ರೆ ಸೋಪು ಹಾಕಿ ತೊಳೆಯಿರಿ. ಸಿಂಕಿನ ತಳಕ್ಕೆ ದಪ್ಪ ಟವೆಲ್ ಹಾಸಿ, ಒಂದು ಸಲಕ್ಕೆ ಒಂದೇ ಗಾಜು. ಕಾಗದದ ಚೀಟಿ ಇನ್ನೂ ಅಂಟಿಕೊಂಡಿದ್ದರೆ ಆ ಗಾಜನ್ನು ನೀರಿಗೆ ಹಾಕಲೇಬೇಡಿ, ಚೀಟಿ ಬಿಟ್ಟು ಉಳಿದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ.

ತೆಗೆದ ಹಳೇ ವೈರ್, ಸ್ಕ್ರೂ, ಮೂಲ ಕಂಬ, ಒಡೆದ ಗಾಜಿನ ಚೂರು, ಒಂದನ್ನೂ ಎಸೆಯಬೇಡಿ. ಚೂರಿದ್ದರೆ ಅದೇ ಬಣ್ಣ, ಅದೇ ದಪ್ಪದ ಬದಲಿ ಗಾಜು ಮಾಡಿಸಲು ಮುರಾನೊದವರಿಗೆ ಮಾದರಿ ಸಿಗುತ್ತದೆ. ಎಲ್ಲವನ್ನೂ ಒಂದು ಡಬ್ಬಿಯಲ್ಲಿ ಹಾಕಿ, ಬಿಲ್ಲಿನ ಪ್ರತಿ, ಬಿಚ್ಚುವಾಗ ತೆಗೆದ ಫೋಟೋಗಳು, ಏನೇನು ಯಾವಾಗ ಬದಲಿಸಿದಿರಿ ಎಂದು ಬರೆದ ಒಂದು ಹಾಳೆ ಜೊತೆಗಿಡಿ. ನಾಳೆ ಆ ದೀಪವನ್ನು ಕೊಳ್ಳಲು ಬಂದವರು ಆಫ್ ಮಾಡ್ತೀರಾ ಎಂದು ಕೇಳಿದಾಗ, ಆ ಡಬ್ಬಿಯನ್ನೂ ಅವರ ಮುಂದೆ ಇಡಬಹುದು.